‘ಪ್ಯಾಕ್’ ಅಂದರೆ ಮೂಟೆ ಕಟ್ಟೋದಲ್ಲ, ಹಾಗಾದರೆ ಏನು ಬರೆಯಲಿ?

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ನಾಳೆ ಬೆಳಗ್ಗೆಯೊಳಗೆ. ಕಂಪ್ಯೂಟರ್ ಮೇಲಿನ ಗೋಡೆಗೆ ಅಂಟಿಸೋ ಚೀಟಿಗೆ.

ನಾನು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸೋ ಕಡೆ, ಲೆಕ್ಕ ನೋಡ್ತೀನಿ. ಬೆಳೆಗಾರರ ಪಾರ್ಚ್‌ಮೆಂಟು (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು), ಚೆರ್ರಿ (ಹಣ್ಣನ್ನೇ ಒಣಗಿಸಿದ್ದು) ಲೆಕ್ಕ ಇನ್ನೂ ವಿಂಡೋಸ್‌ಗೆ ಮುಂಚಿನ ಡಾಸ್ ಕಾಲದ ಪ್ರೋಗ್ರಾಮಿನಲ್ಲೇ ಇದೆ. ದಾಖಲೆ ಇಡೋ ಹಳೇ ಡಿಬಿಎಫ್ ಫೈಲುಗಳು. ಹೊಸ ಯಂತ್ರದಲ್ಲಿ ಡಾಸ್‌ಬಾಕ್ಸ್ ಅನ್ನೋ, ಡಾಸ್‌ನಂತೆ ನಟಿಸೋ ತಂತ್ರಾಂಶ ಹಾಕಿ ಹೇಗೋ ಓಡಿಸ್ತಿದ್ದೀವಿ.

ಇದರಲ್ಲಿ ಡಿಲೀಟ್ ಕೊಟ್ಟರೆ ಏನೂ ಅಳಿಯಲ್ಲ. ದಾಖಲೆಯ ಮೊದಲ ಅಕ್ಷರದ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಬೀಳುತ್ತೆ, ಅಷ್ಟೇ. ರೀಕಾಲ್ ಕೊಟ್ಟರೆ ಗುರುತು ಹೋಗಿ ದಾಖಲೆ ವಾಪಸ್. ಪ್ಯಾಕ್ ಕೊಟ್ಟರೆ ಮಾತ್ರ ಗುರುತು ಬಿದ್ದದ್ದೆಲ್ಲ ಖಾಯಂ ಹೋಯ್ತು. ನಾವು ಮುಗಿದ ಲಾಟುಗಳಿಗೆ ಡಿಲೀಟ್ ಗುರುತು ಹಾಕಿ ಮರೆಯಲ್ಲಿಟ್ಟು, ಮಾರ್ಚ್‌ನಲ್ಲಿ ರೀಕಾಲ್ ಮಾಡ್ತಿದ್ದೆವು. ಕೆಟ್ಟ ಅಭ್ಯಾಸ, ಒಪ್ತೀನಿ.

ಹೋದ ವಾರ ಹೊಸ ಹುಡುಗ ಮೆನುವಿನಲ್ಲಿ ‘ಪ್ಯಾಕ್’ ನೋಡಿದ. ಲಾಟು ಮೂಟೆ ಕಟ್ಟಿ ಆಗಿತ್ತಲ್ಲ, ಒತ್ತಿಬಿಟ್ಟ. ಅವನನ್ನು ಬೈಯೋಕೆ ಮನಸ್ಸು ಬರಲಿಲ್ಲ. ಇಲ್ಲಿ ಪ್ಯಾಕ್ ಅಂದರೆ ಗೋಣಿಚೀಲ ಹೊಲಿಯೋದೇ. ಪೆನ್‌ಡ್ರೈವಿನಲ್ಲಿ ಹಳೇ ಪ್ರತಿ ಸಿಕ್ಕಿತು. ಉಳಿದದ್ದನ್ನು ರಸೀದಿಗಳ ಕಾರ್ಬನ್ ಕಾಪಿ ನೋಡಿ ಮತ್ತೆ ಟೈಪ್ ಮಾಡಿದೆ, ಮೂರು ದಿನ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಕೈ ಮುಗಿದೆ. ಲೇಸರ್ ಆಗಿದ್ದರೆ ಕಾರ್ಬನ್ನಿನ ಮೇಲೆ ಅಚ್ಚೇ ಬೀಳ್ತಿರಲಿಲ್ಲ.

ಡಿಲೀಟ್, ರೀಕಾಲ್, ಪ್ಯಾಕ್. ಮೂರಕ್ಕೂ ಕನ್ನಡ ಬೇಕು. ಮುಖ್ಯವಾಗಿ ಮೂರನೆಯದಕ್ಕೆ.

ಹಾಸನದಿಂದ:

ಇದರಲ್ಲಿ ಕಷ್ಟ ಏನಿದೆ? ವಜಾ, ಬಹಾಲು, ಹಸನು. ಕಚೇರಿಯಲ್ಲಿ ಮೊದಲೆರಡು ಜೋಡಿಪದ: ಕೆಲಸದಿಂದ ತೆಗೆಯೋದು, ಮತ್ತೆ ಸೇರಿಸಿಕೊಳ್ಳೋದು. ಮೂರನೆಯದು ಕಾಳು ಹಸನು ಮಾಡ್ತೀವಲ್ಲ, ಅದು. ಹಾಸನದವನು ಅಂತ ಹೇಳ್ತಿಲ್ಲ.

ಸಕಲೇಶಪುರದಿಂದ:

ಕನ್ನಡ ಪದ ಕೇಳಿದ್ದು. ಮೂರೂ ಅರಬ್ಬಿ-ಪಾರಸಿ ಕಡೆಯವು. ಅರಬ್ಬಿಯಲ್ಲಿ ಹಸನ್ ಅಂದರೆ ಚೆಲುವು, ಒಳ್ಳೆಯದು. ಪ್ಯಾಕ್‌ಗೆ ‘ತೊಡೆ’. ಮುಗೀತು.

ಹಾಸನದಿಂದ:

ಹಸನು ಅರಬ್ಬಿಯಿಂದಲೇ ಬಂತು ಅಂತ ಹೇಗೆ ಅಷ್ಟು ಗಟ್ಟಿಯಾಗಿ ಹೇಳ್ತೀರಿ? ಪ್ರಸನ್ನ, ಪಸನ್ನ, ಹಸನ. ಪಾಲು ಹಾಲಾಗಿಲ್ವಾ, ಪುಲಿ ಹುಲಿಯಾಗಿಲ್ವಾ? ನಾನು ಇದನ್ನು ಈ ಗುಂಪಿನಲ್ಲಿ ಎಷ್ಟು ಸಲ ಬರೆದಿದ್ದೀನೋ ನನಗೇ ಲೆಕ್ಕ ತಪ್ಪಿದೆ.

ಸಕಲೇಶಪುರದಿಂದ:

ಪ್ರಸನ್ನ ಆದರೆ ಸಂಸ್ಕೃತ. ಯಾರ ಮನೆಯಿಂದ ತಂದರೂ ಸಾಲ ಸಾಲವೇ ಮೇಷ್ಟ್ರೇ.

ಹಾಸನದಿಂದ:

ಸರಿ. ಜಮಾ, ಬಾಕಿ, ರಸೀದಿ, ತಾರೀಕು, ಹಾಜರಿ. ಇವಿಲ್ಲದೆ ಒಂದು ದಿನ ತೋಟದ ಲೆಕ್ಕ ಬರೀರಿ. ಆಳುಗಳಿಗೆ ಬಟವಾಡೆ ಮಾಡುವಾಗ ನಾನು ಬಂದು ನೋಡ್ತೀನಿ.

ಮೂಡಿಗೆರೆಯಿಂದ:

ತೋಟದ ಮಾತು ಬಂತು. ಬಾಬಾಬುಡನ್ ಅರಬ್ ನಾಡಿನಿಂದ ತಂದ ಏಳು ಬೀಜದ ಕಥೆ ಹೇಳಿಕೊಂಡು ಬದುಕೋ ಜಿಲ್ಲೆ ನಮ್ಮದು. ಬೆಳೆಯೂ ಹೊರಗಿನದು, ಹೆಸರೂ ಹೊರಗಿನದು. ಅದನ್ನು ಕುಡಿದೇ ಜಗಳ ಆಡ್ತಿದ್ದೀರಿ. ಇರಲಿ, ಪದ ನಿಮ್ಮ ವರ್ಕ್ಸಿನಲ್ಲೇ ಇದೆಯಲ್ಲ ಸಾರ್: ಗಾರ್ಬಲ್. ಹೆಂಗಸರು ಸಾಲಾಗಿ ಕೂತು ಕೆಟ್ಟ ಕಾಳು ಆರಿಸ್ತಾರಲ್ಲ, ಅದೇ. (ಸಕಲೇಶಪುರದವರು ಗಮನಿಸಿ: ಇಂಗ್ಲಿಷಿನ ಈ ಪದದ ಬೇರೂ ಅರಬ್ಬಿಯ ‘ಘಿರ್ಬಾಲ್’, ಅಂದರೆ ಜರಡಿ.) ಅಥವಾ ಮೆನುವನ್ನೇ ಕನ್ನಡ ಮಾಡಿಬಿಡಿ, ಚೀಟಿ ಯಾಕೆ?

ಚಿಕ್ಕಮಗಳೂರಿನಿಂದ:

ಮೆನು ಮುಟ್ಟೋಕಾಗಲ್ಲ. ಓಡೋ ಫೈಲು ಮಾತ್ರ ಇದೆ, ಬರೆದ ಮೂಲ ಇಲ್ಲ. ಡಾಸ್ ತೆರೆಯಲ್ಲಿ ಸಾಲಿಗೆ 80 ಅಕ್ಷರ, 25 ಸಾಲು, ಒಟ್ಟು 256 ಅಕ್ಷರರೂಪ. ಅದರಲ್ಲಿ ಕನ್ನಡಕ್ಕೆ ಜಾಗ ಎಲ್ಲಿ? ಹಿಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯ, ನಮ್ಮ ಲಿಪಿಗಳನ್ನು ತೆರೆಯ ಮೇಲೆ ಮೂಡಿಸೋ ಜಿಸ್ಟ್ ಕಾರ್ಡು ಸಿಕ್ಕಿಸಿದರೆ ಬರ್ತಿತ್ತು. ಈಗಿನ ಯಂತ್ರದಲ್ಲಿ ಅದನ್ನು ಸಿಕ್ಕಿಸೋ ಸ್ಲಾಟೇ ಇಲ್ಲ. ಹಾಗಾಗಿ ಕೈಬರಹದ ಚೀಟಿ.

ಗಾರ್ಬಲ್ ಕೇಳೋಕೆ ಚೆನ್ನಾಗಿದೆ, ಆದರೆ ಆಗಲ್ಲ. ಗಾರ್ಬಲಿನಲ್ಲಿ ತೆಗೆದ ಕರಿಕಾಳು, ಒಡಕು ಕಾಳು ಬಿಬಿಬಿ ಅಂತ ಬೇರೆ ಮಾರಾಟ ಆಗುತ್ತೆ. ಪ್ಯಾಕ್‌ನಲ್ಲಿ ಹೋದದ್ದು ಯಾವ ಲೆಕ್ಕಕ್ಕೂ ಬರಲ್ಲ. ಹಸನು ಇನ್ನೂ ಅಪಾಯ ಮೇಷ್ಟ್ರೇ. ‘ಹಸನು ಮಾಡು’ ಅಂತ ಕಂಡರೆ ನಮ್ಮ ಹುಡುಗ ಒಳ್ಳೇ ಕೆಲಸ ಅಂತ ದಿನಾ ಒತ್ತುತ್ತಾನೆ. ‘ತೊಡೆ’ ಅಂತ ಗೋಡೆ ಮೇಲೆ ಬರೆದರೆ ಏನಾಗುತ್ತೆ ಅಂತ ನಾನು ಹೇಳಬೇಕಾ? ಓದಿದ ಕೂಡಲೇ ಕೈ ಹಿಂದೆ ಬರಬೇಕು. ಅಂಥ ಪದ ಕೊಡಿ.

ಸಕಲೇಶಪುರದಿಂದ:

ನಗೋರು ನಗಲಿ. ‘ತೊಡೆದು ಹಾಕು’ ಅಂತ ಪೂರ್ತಿ ಬರೀರಿ. ಇಲ್ಲಾಂದರೆ ‘ಕೇರು’.

ಬೇಲೂರಿನಿಂದ:

ಕೇರು ಬೇಡ, ತೂರು. ಎರಡೂ ಒಂದೇ ಅಂದುಕೊಂಡವರು ರಾಗಿ ಕಣ ನೋಡಿಲ್ಲ. ಕೇರೋದು ಮೊರದಲ್ಲಿ, ಮನೆ ಮುಂದೆ ಕೂತು. ಹೊಟ್ಟು ಅಂಗಳದಲ್ಲೇ ಬಿದ್ದಿರುತ್ತೆ, ಕೋಳಿ ಕೆದಕುತ್ತೆ, ಎರಡು ಕಾಳು ಜಾರಿದ್ದರೆ ಆರಿಸಿಕೊಳ್ಳಬಹುದು. ತೂರೋದು ಗಾಳಿ ಬಂದಾಗ, ಕಣದಲ್ಲಿ ನಿಂತು. ಹೊಟ್ಟು ಪಕ್ಕದವರ ಹೊಲಕ್ಕೆ. ಗಾಳಿಗೆ ತೂರಿದ ಅಂತ ಸುಮ್ನೆ ಹೇಳ್ತೀವಾ? ನಮ್ಮತ್ತೆ ಗಾಳಿ ನಿಂತರೆ ಅರ್ಧ ಗಂಟೆ ಮೊರ ಎತ್ತಿಕೊಂಡೇ ಕಾಯ್ತಿದ್ದರು.

ಉಳಿದೆರಡಕ್ಕೆ ಗುರುತು ಹಾಕು, ಗುರುತು ತೆಗೆ. ಆಗೋದು ಅದೇ ತಾನೇ?

ಸಕಲೇಶಪುರದಿಂದ:

ತೂರು ಆಗಬಹುದು. ಗುರುತಿಗಿಂತ ಕುರುಹು ವಾಸಿ.

ಚಿಕ್ಕಮಗಳೂರಿನಿಂದ:

ಬೇಲೂರಿನ ಮೇಡಂಗೆ ದೊಡ್ಡ ನಮಸ್ಕಾರ. ಬೆಳಗ್ಗೆ ಬರೆದು ಅಂಟಿಸಿದೆ. ಡಿಲೀಟ್: ಗುರುತು ಹಾಕು. ರೀಕಾಲ್: ಗುರುತು ತೆಗೆ. ಪ್ಯಾಕ್: ಗಾಳಿಗೆ ತೂರು. ಮೂರನೆಯದು ಕೆಂಪು ಸ್ಕೆಚ್ ಪೆನ್ನಿನಲ್ಲಿ.

ಹುಡುಗ ಬಂದು ಗಟ್ಟಿಯಾಗಿ ಓದಿದ. ತಿರುಗಿ ನೋಡಿ, “ಏನನ್ನ ಸಾರ್ ತೂರೋದು?” ಅಂದ. ಅಷ್ಟು ಕೇಳಿದರೆ ಸಾಕು.

ಹಾಸನದಿಂದ:

ಸಂತೋಷ. ಈಗ ‘ಚೀಟಿ’ ಯಾವ ಭಾಷೆಯಿಂದ ಬಂತು ಅಂತ ಸಕಲೇಶಪುರದವರು ಹೇಳಲಿ. ಕಾಯ್ತಿರ್ತೀನಿ.