ಪೇಟಿ ಬಾರಿಸುತ್ತಾ ಹಾಡಲು ಬರುತ್ತದೆ, ಮಾತಾಡಲು ಯಾಕೆ ಬರುವುದಿಲ್ಲ?

ಪೇಟಿ_ಬಾಗಲಕೋಟೆ

ನಮ್ಮೂರು ಬಾಗಲಕೋಟೆ ಹತ್ತಿರ. ಊರಿನ ಭಜನಾ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತೇನೆ. ಹಾಡುತ್ತಾ ಬಾರಿಸುವುದು ನನಗೆ ಕಷ್ಟವೇ ಅಲ್ಲ, ಶ್ರಾವಣದಲ್ಲಿ ಬೆಳಗಿನ ತನಕ ಕೂತರೂ ನಡೆಯುತ್ತದೆ. ಆದರೆ ನಡುವೆ ಯಾರಾದರೂ ಬಗ್ಗಿ "ಮುಂದಿನ ಪದ ಯಾವುದು ತಗೊಳ್ಳೂಣು?" ಅಂತ ಮುಂದಿನ ಹಾಡಿನ ವಿಷಯ ಕೇಳಿದರೆ ಮುಗೀತು. ಒಂದೋ ಉತ್ತರ ಬರುವುದಿಲ್ಲ, ಇಲ್ಲಾ ಬೆರಳು ಎಲ್ಲೋ ಹೋಗಿ ಬೀಳುತ್ತದೆ. ಕೆಲವು ಸಲ ಪೇಟಿಗೆ ಗಾಳಿ ಕೊಡುವ ಭಾತೆ ಒತ್ತುವ ಎಡಗೈಯೇ ನಿಂತುಬಿಡುತ್ತದೆ, ಪೇಟಿ ದಮ್ಮು ಕಳಕೊಂಡು ಸುಮ್ಮನಾಗುತ್ತದೆ.

ಹಾಡೂ ಬಾಯಿಂದಲೇ ಬರುವುದು, ಮಾತೂ ಬಾಯಿಂದಲೇ. ಹಾಡಿನಲ್ಲೂ ಇರುವುದು ಕನ್ನಡವೇ ಅಲ್ವಾ? ಮತ್ತೆ ಒಂದು ಆಗುತ್ತದೆ, ಇನ್ನೊಂದು ಆಗುವುದಿಲ್ಲ, ಯಾಕೆ? "ರಿಯಾಜ್ ಸಾಲದು" ಅಂತ ಮಾತ್ರ ಹೇಳಬೇಡಿ. ಅದನ್ನು ಮನೆಯಲ್ಲೇ ದಿನಾ ಹೇಳುತ್ತಾರೆ.

ಡಗ್ಗಾ_ಬೆಳಗಾವಿ

ಬೆಳಗಾವಿಯಲ್ಲಿ ಮಕ್ಕಳಿಗೆ ತಬಲಾ ಹೇಳಿಕೊಡುತ್ತೇನೆ, ಹಾಗಾಗಿ ಇದು ದಿನಾ ನೋಡುವ ವಿಷಯ. ನಿಮ್ಮ ಹಾಡಿಗೂ ಪೇಟಿಗೂ ಲಯ ಒಂದೇ. ಕೈ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬರುವ ಹೊತ್ತಿಗೆ ಬಾಯಿಯೂ ಸಮಕ್ಕೆ ಬರುತ್ತದೆ. ಹೊರಗಿನಿಂದ ಎರಡು ಕೆಲಸ ಅಂತ ಕಾಣುತ್ತದೆ, ಮಾಡುವವನಿಗೆ ಅದು ಒಂದೇ ಕೆಲಸ. ಅದೂ ಅಲ್ಲದೆ ಹಾಡು ಮೊದಲೇ ಬಾಯಿಪಾಠ ಆಗಿರುತ್ತದೆ, ಮುಂದಿನ ಶಬ್ದ ಯಾವುದು ಅಂತ ಹುಡುಕುವ ಕೆಲಸ ಇಲ್ಲ.

ಮಾತು ಹಾಗಲ್ಲ. "ಅದು ಬ್ಯಾಡ್ರಿ, ನಿಜಗುಣರದ ಒಂದು ತಗೊಳ್ರಿ" ಅನ್ನುವುದು ಎಷ್ಟು ಮಾತ್ರೆ, ಅಂದರೆ ತಾಳದ ಎಷ್ಟು ಎಣಿಕೆ? ಯಾರಿಗೂ ಗೊತ್ತಿಲ್ಲ. ಒಂದು ಕಡೆ ಎಳೆಯುತ್ತದೆ, ಒಂದು ಕಡೆ ಓಡುತ್ತದೆ, ನಡುವೆ ಯೋಚನೆಗೆ ನಿಲ್ಲುತ್ತದೆ. ಕೇರವಾ ತಾಳ ಹಿಡಿದು ಮಾತಾಡಿ ನೋಡಿ. ಎರಡರಲ್ಲಿ ಒಂದು ಖಂಡಿತ ಆಗುತ್ತದೆ: ಕೈ ಮಾತಿನ ಹಿಂದೆ ಹೋಗಿ ಲಯ ಕೆಡುತ್ತದೆ, ಇಲ್ಲಾ ಮಾತು ಕೈಯ ಹಿಂದೆ ಬಂದು, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಒಂದೊಂದು ಶಬ್ದ ಒಂದೊಂದು ಪೆಟ್ಟಿಗೆ ಬೀಳುತ್ತದೆ.

ತಬಲಾದವರಿಗೆ ಇನ್ನೊಂದು ಪೇಚು ಇದೆ. ನಾವು ಕಲಿಯುವುದೇ ಬಾಯಿಂದ. ತೀನ್‌ತಾಲದ 16 ಮಾತ್ರೆಯನ್ನು "ಧಾ ಧಿನ್ ಧಿನ್ ಧಾ" ಅಂತ ಕೈತಾಳ ಹಾಕುತ್ತಾ ಹೇಳಿ ಹೇಳಿ, ಆಮೇಲೆ ಕೈಗೆ ಇಳಿಸುತ್ತೇವೆ. ದೊಡ್ಡ ಕಲಾವಿದರು ಸೋಲೋ ಬಾರಿಸುವಾಗ ತುಕಡಾ, ಚಕ್ರದಾರದಂಥ ರಚನೆಗಳ ಬೋಲ್ (ಪೆಟ್ಟುಗಳನ್ನು ಹೇಳುವ ಅಕ್ಷರ) ಮೊದಲು ಬಾಯಲ್ಲಿ ಓದಿ ತೋರಿಸುತ್ತಾರಲ್ಲ, ಪಢಂತ್ ಅಂತಾರೆ ಅದಕ್ಕೆ. ಬಾರಿಸುವಾಗಲೂ ಆ ಬೋಲ್ ಒಳಗೆ ಓಡುತ್ತಲೇ ಇರುತ್ತದೆ. ನಾಲಿಗೆ ಸುಮ್ಮನಿದ್ದರೂ ಮಾತಿನ ಜಾಗ ಖಾಲಿ ಇರುವುದಿಲ್ಲ. ಅದರ ಮೇಲೆ, ಒಂದೇ ತುಂಡನ್ನು ಮೂರು ಸಲ ಬಾರಿಸಿ ಸಮಕ್ಕೆ ಮುಟ್ಟಿಸುವ ತಿಹಾಯಿಯ ಲೆಕ್ಕ ಬೇರೆ. ಅದೇ ಹೊತ್ತಿಗೆ ಮನೆಯವರು ಬಂದು "ಗ್ಯಾಸ್ ಬುಕ್ ಮಾಡಿದ್ರೇನು?" ಅಂದರೆ ನನ್ನ ತಿಹಾಯಿ ಸಮಕ್ಕೆ ಬರುವುದಿಲ್ಲ, ಗ್ಯಾಸಿನವನ ಮನೆಗೆ ಹೋಗುತ್ತದೆ.

(ಶಹನಾಯಿ, ಕೊಳಲಿನವರು ದಯವಿಟ್ಟು ಈ ಚರ್ಚೆಗೆ ಬರಬೇಡಿ. ನಿಮ್ಮ ಕಾರಣ ಎಲ್ಲರಿಗೂ ಗೊತ್ತಿದೆ.)

ಘಟಪ್ರಭಾ_ದಂಡೆ

ನಾನಂತೂ ಒಪ್ಪುವುದಿಲ್ಲ. ನಮ್ಮ ಮೇಳದಲ್ಲಿ ಡಗ್ಗಾ (ತಬಲಾ ಜೋಡಿಯ ದಪ್ಪ ದನಿಯದು) ಬಾರಿಸುವ ಕಾಕಾ ಒಬ್ಬರಿದ್ದಾರೆ. ಎಲೆ ಅಡಿಕೆ ಹಾಕಿಕೊಂಡು, ಬಂದವರನ್ನೆಲ್ಲ ಮಾತಾಡಿಸುತ್ತಾ, "ಬರ್ರಿ ಕೂಡ್ರಿ" ಅನ್ನುತ್ತಾ, ಹುಡುಗರನ್ನು ಬೈಯುತ್ತಾ ಬಾರಿಸುತ್ತಾರೆ. ಠೇಕಾ (ತಾಳದ ಮಾಮೂಲಿ ಪೆಟ್ಟುಗಳು) ಒಂದು ಕೂದಲು ಆಚೆ ಈಚೆ ಆಗುವುದಿಲ್ಲ. ಸಂಗೀತ ಕಲಿತವರೂ ಅಲ್ಲ, ಬೋಲ್ ಗೀಲ್ ಏನೂ ಗೊತ್ತಿಲ್ಲ. ಬಹುಶಃ ಗೊತ್ತಿಲ್ಲದ್ದೇ ಒಳ್ಳೆಯದಾಗಿದೆ. ಇದೆಲ್ಲಾ ರೂಢಿ ಅಷ್ಟೇ, ಸುಮ್ನೆ ದೊಡ್ಡ ವಿಷಯ ಮಾಡುತ್ತಿದ್ದೀರಿ.

ಗೋಳಗುಮ್ಮಟ_ಹುಡುಗಿ

ವಿಜಯಪುರದಲ್ಲಿ ಮನಃಶಾಸ್ತ್ರ ಓದುತ್ತಿದ್ದೇನೆ, ಸಿತಾರ್ ಸ್ವಲ್ಪ ಬರುತ್ತದೆ. ಕಾಕಾ ಅವರ ವಿಷಯ ಇಲ್ಲಿ ಬಹಳ ಮುಖ್ಯ. ಅವರು ಏನು ಮಾತಾಡುತ್ತಾರೆ ಅಂತ ಗಮನಿಸಿ. "ಬರ್ರಿ", "ಕೂಡ್ರಿ", "ಏ ಸುಮ್ನಿರೋ" ಇವೆಲ್ಲ ಸಾವಿರ ಸಲ ಆಡಿ ತಯಾರಾಗಿರುವ ಮಾತುಗಳು. ಇದಕ್ಕೆ ಹುಡುಕಾಟ ಬೇಕಿಲ್ಲ. ಅವರು ಜೋರಾಗಿ ಬಾರಿಸುತ್ತಿರುವಾಗ "ಕಾಕಾ, ಈ ಸಲ ಎಕರೆ ಕಬ್ಬಿಗೆ ಖರ್ಚು ಎಷ್ಟು ಬಂತು, ಉಳಿದದ್ದೆಷ್ಟು?" ಅಂತ ಕೇಳಿ ನೋಡಿ.

ಇದರ ಬಗ್ಗೆ ಹಳೇ ಪ್ರಯೋಗಗಳೇ ಇವೆ. ನನಗೆ ಬಹಳ ಇಷ್ಟವಾದದ್ದು 1972ರಲ್ಲಿ ಇಂಗ್ಲೆಂಡಿನಲ್ಲಿ ಆಲ್‌ಪೋರ್ಟ್, ಆಂಟೊನಿಸ್, ರೆನಾಲ್ಡ್ಸ್ ಮಾಡಿದ್ದು. ಪಿಯಾನೋ ಚೆನ್ನಾಗಿ ಬರುವ ಸಂಗೀತ ವಿದ್ಯಾರ್ಥಿಗಳನ್ನು ಕೂರಿಸಿ, ಮೊದಲು ನೋಡದ ಸ್ವರಲಿಪಿ ಎದುರಿಗಿಟ್ಟು ಬಾರಿಸಲು ಹೇಳಿದರು. ಅದೇ ಹೊತ್ತಿಗೆ ಹೆಡ್‌ಫೋನಿನಲ್ಲಿ ಯಾರೋ ಓದುತ್ತಿರುವ ಗದ್ಯವನ್ನು ಕೇಳಿದ ಹಾಗೇ ಬಾಯಲ್ಲಿ ತಿರುಗಿ ಹೇಳುತ್ತಾ ಹೋಗಬೇಕು. ಸ್ವಲ್ಪ ಅಭ್ಯಾಸ ಆದ ಮೇಲೆ ಅವರು ಎರಡನ್ನೂ ಒಟ್ಟಿಗೆ ಮಾಡಿದರು, ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ಅಂದರೆ ಬಾಯಿ, ಕೈ ಎರಡೂ ಬೇರೆ ಬೇರೆ ಕೆಲಸ ಮಾಡಲಾರವು ಅನ್ನುವುದು ನಿಜವಲ್ಲ. ಆದರೆ ಆ ಮಾತು ಅವರದಲ್ಲ, ಕಿವಿಯಿಂದ ಬಂದದ್ದು ಬಾಯಿಂದ ಹೋಯಿತು. ನಮ್ಮ ಪೇಟಿ ಅಣ್ಣನಿಗೆ ಕಷ್ಟ ಆಗುವುದು ಮಾತು ಹೊರಗೆ ಬರುವ ಹೊತ್ತಿನಲ್ಲಿ ಅಲ್ಲ, ಅದಕ್ಕಿಂತ ಮುಂಚೆ. ಯಾವ ಪದ ಆಗಲೇ ಹಾಡಿ ಆಯಿತು, ಯಾವುದು ಉಳಿದಿದೆ, ಇದನ್ನೆಲ್ಲ ನೆನೆದು ಒಂದನ್ನು ಆರಿಸಿ ವಾಕ್ಯ ಮಾಡಬೇಕಲ್ಲ, ಅಲ್ಲಿ.

ಹೀಗೆ ಆರಿಸುವ ಕೆಲಸ ಎರಡು ಒಟ್ಟಿಗೆ ಬಂದರೆ ಒಂದು ಕಾಯಬೇಕು, ತಲೆಯಲ್ಲಿ ಇದಕ್ಕೆ ದಾರಿ ಇಕ್ಕಟ್ಟು ಅಂತ 1952ರಲ್ಲೇ ವೆಲ್‌ಫರ್ಡ್ ಅನ್ನುವವರು ಬರೆದಿದ್ದಾರೆ. ಕಾಯುವುದು ಸೆಕೆಂಡಿನ ಒಂದು ಭಾಗ ಮಾತ್ರ. ಬೇರೆ ಕೆಲಸದಲ್ಲಿ ಗೊತ್ತೇ ಆಗುವುದಿಲ್ಲ. ಆದರೆ ನಿಮಿಷಕ್ಕೆ 240 ಮಾತ್ರೆಯ ದ್ರುತ್ (ವೇಗದ) ಲಯದಲ್ಲಿ ಒಂದು ಮಾತ್ರೆಗೆ ಸಿಗುವುದೇ ಕಾಲು ಸೆಕೆಂಡ್. ಅಷ್ಟು ತಡವಾದರೂ ಮಾತ್ರೆ ತಪ್ಪಿತು, ಎದುರು ಕೂತವರಿಗೆಲ್ಲ ಕೇಳಿಸಿತು.

ಇನ್ನೊಂದು ಪ್ರಯೋಗ ಕಿನ್ಸ್‌ಬೋರ್ನ್ ಮತ್ತು ಕುಕ್ ಅವರದು, 1971. ಬೆರಳ ತುದಿಯ ಮೇಲೆ ಕೋಲು ನಿಲ್ಲಿಸಿಕೊಂಡು ಮಾತಾಡಬೇಕು. ಬಲಗೈ ಬೆರಳಿನ ಮೇಲಿನ ಕೋಲು ಬೇಗ ಬೀಳುತ್ತಿತ್ತು, ಎಡಗೈಗೆ ಆ ತೊಂದರೆ ಆಗಲಿಲ್ಲ. ಜಾಸ್ತಿ ಜನರಲ್ಲಿ ಮಾತು ನಡೆಸುವುದು ಮಿದುಳಿನ ಎಡಭಾಗ, ಬಲಗೈ ನಡೆಸುವುದೂ ಅದೇ ಎಡಭಾಗ. ಪೇಟಿಯಲ್ಲಿ ಸ್ವರ ಹುಡುಕುವುದು ಬಲಗೈ ಅಲ್ವಾ?

ಘಟಪ್ರಭಾ_ದಂಡೆ

ಕಬ್ಬಿನ ಲೆಕ್ಕ ಕೇಳಿದರೆ ಬಾರಿಸದೆ ಇರುವಾಗಲೂ ಕಾಕಾ ಸಿಟ್ಟಾಗುತ್ತಾರೆ. ಬೇರೆ ಪ್ರಶ್ನೆ ಹೇಳಿ.

ಡಗ್ಗಾ_ಬೆಳಗಾವಿ

ತಂಗಿ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ತಬಲಾ ಸೋಲೋಗೆ ಪೇಟಿಯಲ್ಲಿ ಲೆಹರಾ ಕೊಡುವವರನ್ನು ಗಮನಿಸಿ. ಒಂದೇ ಸಾಲು ಅರ್ಧ ಗಂಟೆ ತಿರುಗುತ್ತದೆ. ಆ ಹೊತ್ತಿನಲ್ಲಿ ಅವರು ಪಕ್ಕದವರ ಹತ್ತಿರ ಮೈಕಿನ ಬಗ್ಗೆ ದೂರು ಹೇಳಿ ಮುಗಿಸಿರುತ್ತಾರೆ. ಅದೇ ಮನುಷ್ಯ ಗಾಯನಕ್ಕೆ ಸಾಥ್ ಕೊಡುವಾಗ ಮಾತಾಡಿಸಿ ನೋಡಿ, ಕೇಳಿಸಲೇ ಇಲ್ಲ ಅನ್ನುವ ಹಾಗೆ ಕೂತಿರುತ್ತಾರೆ. ಹಾಡುವವರು ಮುಂದಿನ ತಾನ್ ಎಲ್ಲಿಗೆ ಒಯ್ಯುತ್ತಾರೆ ಅಂತ ಕ್ಷಣಕ್ಷಣಕ್ಕೂ ಕಾಯಬೇಕಲ್ಲ. ಅದಕ್ಕೇ "ದೊಡ್ಡ ಕಲಾವಿದ ಆದರೆ ಮಾತಾಡುತ್ತಲೇ ಬಾರಿಸಬಹುದು" ಅನ್ನುವುದನ್ನು ನಾನು ನಂಬುವುದಿಲ್ಲ. ಎಷ್ಟು ದೊಡ್ಡವರೋ ಅಷ್ಟು ಕಠಿಣವಾದದ್ದನ್ನು ಎತ್ತಿಕೊಂಡಿರುತ್ತಾರೆ. ಕ್ಲಾಸಿನಲ್ಲಿ ನಾನು ಬಾರಿಸುತ್ತಾ ಪಾಠ ಹೇಳುತ್ತೇನೆ ಅಂದರೆ ಆಗ ಬರೀ ಠೇಕಾ ಬಾರಿಸುತ್ತಿದ್ದೇನೆ ಅಂತ ಅರ್ಥ.

ತುಂತುಣಿ_ಜಮಖಂಡಿ

ನಮ್ಮ ಮನೆಯಲ್ಲಿ ಗೀಗೀ ಪದ ಹಾಡುವವರಿದ್ದಾರೆ. ಈ ಕಷ್ಟ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಅನಿಸುತ್ತದೆ, ಹಾಡುವ ರೀತಿಯಲ್ಲೇ ಅದಕ್ಕೆ ವ್ಯವಸ್ಥೆ ಇದೆ. ಮುಂದೆ ನಿಂತವರು ಡಪ್ಪು ಬಾರಿಸುತ್ತಾ ಹಾಡುತ್ತಾರೆ, ಹಿಂದಿನವರು ತುಂತುಣಿ, ತಾಳ ಹಿಡಿದು "ಗೀಯ ಗೀಯ" ಅಂತ ಎಳೆಯುತ್ತಾರೆ. ಹರದೇಶಿ ನಾಗೇಶಿ ಸವಾಲ್ ನಡೆಯುವಾಗ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಎದುರಿನವರು ಹೊಸದಾಗಿ ಏನಾದರೂ ಚುಚ್ಚಿರುತ್ತಾರೆ, ಅದಕ್ಕೆ ಅಲ್ಲೇ ಜವಾಬು ಕೊಡಬೇಕು. ಹಿಮ್ಮೇಳ ಎಳೆಯುತ್ತದಲ್ಲ, ಅಷ್ಟರಲ್ಲೇ ಮುಂದಿನ ನುಡಿ ತಲೆಯಲ್ಲಿ ತಯಾರಾಗಬೇಕು. ಕೈ ಆಗ ಮಾಮೂಲಿ ಗತ್ತಿನಲ್ಲಿ ಇರುತ್ತದೆ, ಪೆಟ್ಟು ಹೆಚ್ಚು ಕಡಿಮೆ ಏನೂ ಮಾಡುವುದಿಲ್ಲ. ಕತೆಯ ಅರ್ಥ ಬಿಡಿಸಿ ಹೇಳಬೇಕು ಅಂದರೆ ಡಪ್ಪು ಕಂಕುಳಿಗೆ ಹೋಯಿತು ಅಂತಲೇ ತಿಳಿಯಿರಿ.

ಶ್ರೀಕೃಷ್ಣ ಪಾರಿಜಾತದ ಆಟದಲ್ಲೂ ಹಾಗೆಯೇ. ಹಾಡು ಮುಗಿದ ಮೇಲೆ ಭಾಗವತನಿಗೂ ದೂತಿಗೂ ಮಾತಿನ ಚಕಮಕಿ, ಜನ ನಗುವುದು ಅಲ್ಲಿಯೇ. ಆ ಹೊತ್ತಿಗೆ ತಬಲಾದವರು ಚಾ ಕುಡಿಯುತ್ತಿರುತ್ತಾರೆ.

ಪೇಟಿ_ಬಾಗಲಕೋಟೆ

ಎಲ್ಲರಿಗೂ ಶರಣು. ಹಾಡು ಯಾಕೆ ಆಗುತ್ತದೆ, ಮಾತು ಯಾಕೆ ಆಗುವುದಿಲ್ಲ ಅನ್ನುವುದು ತಿಳಿಯಿತು. ಆದರೂ ನನಗೆ ಸ್ವಲ್ಪ ಮಾತಾಡಲು ಬಂದರೆ ಸಾಕು. ಇದನ್ನು ರೂಢಿ ಮಾಡಲು ಆಗುತ್ತದಾ?

ಡಗ್ಗಾ_ಬೆಳಗಾವಿ

ಆಗುತ್ತದೆ, ಒಂದು ಮಟ್ಟದ ತನಕ. ಕೈಗೆ ಪೂರ್ತಿ ಕುಳಿತ ಒಂದೇ ಪದ ತಗೊಳ್ಳಿ, ನಿಧಾನ ಲಯದಲ್ಲಿ ಇಡಿ. ಮೊದಲು ಮಾತ್ರೆ ಎಣಿಸುತ್ತಾ ಬಾರಿಸಿ, ಅದು ಲಯದ ಜೊತೆಗೇ ಹೋಗುತ್ತದೆ, ಸುಲಭ. ಆಮೇಲೆ ವಾರದ ಹೆಸರು, ತಿಂಗಳ ಹೆಸರು ಹೇಳಿ, ಆದರೆ ಪೆಟ್ಟಿಗೆ ಸರಿಯಾಗಿ ಬೀಳಿಸದೆ ಬೇಕಂತಲೇ ಹಿಂದೆ ಮುಂದೆ ಮಾಡಿ. ಇಲ್ಲೇ ಜಾಸ್ತಿ ದಿನ ಹಿಡಿಯುತ್ತದೆ, ಬೇಜಾರಾಗಬೇಡಿ. ಅದಾದ ಮೇಲೆ ಪೇಪರ್ ಎದುರಿಗಿಟ್ಟು ಜೋರಾಗಿ ಓದುತ್ತಾ ಬಾರಿಸಿ, ತಂಗಿ ಹೇಳಿದ ಪಿಯಾನೋದವರ ಹಾಗೆಯೇ. ಕೊನೆಗೆ ಮನೆಯಲ್ಲಿ ಯಾರಾದರೂ ಹೌದು ಇಲ್ಲ ಅನ್ನುವಂಥ ಪ್ರಶ್ನೆ ಕೇಳಲಿ. ಎಡಗೈ ಮೇಲೆ ಮಾತ್ರ ಗಮನ ಇರಲಿ, ಭಾತೆ ನಿಂತರೆ ಉಳಿದದ್ದೆಲ್ಲ ವ್ಯರ್ಥ.

ಮೇಳದಲ್ಲಿ ಮಾತ್ರ ಇದನ್ನು ತೋರಿಸಲು ಹೋಗಬೇಡಿ. ಯಾರಾದರೂ ಕೇಳಿದರೆ ತಕ್ಷಣ ಬಾಯಿ ತೆಗೆಯಬೇಕು ಅಂತ ಏನೂ ಇಲ್ಲ, ಪಲ್ಲವಿಗೆ ಬರುವ ತನಕ ಕಾಯಿರಿ. ನಮ್ಮಲ್ಲಿ ಜಾಸ್ತಿ ವ್ಯವಹಾರ ಕಣ್ಣು, ಗದ್ದದಲ್ಲೇ ನಡೆಯುತ್ತದೆ. ಸ್ವರ ಕಾಳಿ ಎರಡು (ಪೇಟಿಯ ಎರಡನೇ ಕಪ್ಪು ಮನೆ) ಬೇಕು ಅಂದರೆ ಎರಡು ಬೆರಳು ಎತ್ತಿದರೆ ಆಯಿತು. ಮತ್ತೆ ನಿಮ್ಮ ಮೂಲ ಸಮಸ್ಯೆ ಮುಂದಿನ ಪದ ಯಾವುದು ಅನ್ನುವುದು ತಾನೇ? ರಾತ್ರಿ ಶುರುವಾಗುವ ಮೊದಲೇ ಪಟ್ಟಿ ಬರೆದು ಪೇಟಿಯ ಮೇಲೆ ಅಂಟಿಸಿ, ಬಗ್ಗಿ ಕೇಳುವವರು ಬಗ್ಗಿ ಓದಿಕೊಳ್ಳುತ್ತಾರೆ.

ಎಡಚ_ಅಥಣಿ

ನಾನು ಎಡಚ. ತಬಲಾ ಎಡಕ್ಕೆ, ಡಗ್ಗಾ ಬಲಕ್ಕೆ ಇಟ್ಟುಕೊಂಡು ಬಾರಿಸುತ್ತೇನೆ. ಆ ಕೋಲಿನ ಪ್ರಯೋಗ ನೋಡಿದರೆ ನನಗೆ ಮಾತು ಸುಲಭ ಆಗಬೇಕಿತ್ತಲ್ಲ? ಆಗುವುದಿಲ್ಲ, ಏನೇನೂ ಆಗುವುದಿಲ್ಲ.

ಗೋಳಗುಮ್ಮಟ_ಹುಡುಗಿ

ಎಡಚರಲ್ಲೂ ಸುಮಾರು 70 ಶೇಕಡಾ ಜನಕ್ಕೆ ಮಾತು ಇರುವುದು ಎಡಭಾಗದಲ್ಲೇ. ನೀವು ಅವರಲ್ಲಿ ಒಬ್ಬರಾಗಿದ್ದರೆ ತಬಲಾದ ಸೂಕ್ಷ್ಮ ಕೆಲಸ ಮಿದುಳಿನ ಬಲಭಾಗಕ್ಕೆ ಹೋಗುತ್ತದೆ, ಆ ಲೆಕ್ಕದಲ್ಲಿ ಸ್ವಲ್ಪ ಅನುಕೂಲ ಆಗಬಹುದು. ಆದರೆ ಕೈಯ ಈ ವ್ಯತ್ಯಾಸ ಸಣ್ಣದು. ಮಾತು ಆರಿಸುವ ಇಕ್ಕಟ್ಟು ಮತ್ತು ಡಗ್ಗಾ ಸರ್ ಹೇಳಿದ ಲಯದ ಜಗಳ, ಇವೆರಡು ಎಡಚರಿಗೂ ಬಲಗೈಯವರಿಗೂ ಒಂದೇ. ಬೇಕಾದರೆ ಬೆರಳ ಮೇಲೆ ಕೋಲು ನಿಲ್ಲಿಸಿ ಎರಡೂ ಕೈಯಲ್ಲಿ ನೋಡಿ, ಏನಾಯಿತು ಅಂತ ಇಲ್ಲೇ ಬರೆಯಿರಿ.