ಬೆಳೆಯುವ ಉದ್ಯೋಗಗಳ ಪಟ್ಟಿ ನೋಡಿ ಕೋರ್ಸ್ ಆರಿಸಬಹುದಾ? ಉದ್ಯೋಗ ಸಲಹೆಗಾರರನ್ನು ಕೇಳಿ

ಪ್ರಶ್ನೆ: ನಮಸ್ಕಾರ ಮೇಡಂ. ಒಂಬತ್ತು ವರ್ಷದಿಂದ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಬಿಲ್ ಎಂಟ್ರಿ, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ತಿಂಗಳ ಕೊನೆಗೆ ವರದಿ, ಇಷ್ಟೇ ನನ್ನ ಕೆಲಸ. ಈಗ ಎಂಟ್ರಿಯನ್ನೆಲ್ಲ ಸಾಫ್ಟ್‌ವೇರೇ ಮಾಡುತ್ತಿದೆ. ನನ್ನ ಕೆಲಸ ಉಳಿಯುತ್ತದಾ? ಮಗಳು ಕಾಲೇಜು ಸೇರಬೇಕು. ಅವಳಿಗೆ ‘ಅತಿ ವೇಗವಾಗಿ ಬೆಳೆಯುವ ಉದ್ಯೋಗಗಳು’ ಅಂತ ಒಂದು ಪಟ್ಟಿ ತೋರಿಸಿ, ಇದರಲ್ಲೇ ಒಂದನ್ನು ಆರಿಸು ಅಂದಿದ್ದೇನೆ. ಸರಿ ಮಾಡಿದೆನಾ?

ಉತ್ತರ: ನಮಸ್ಕಾರ. ಮೊದಲು ನಿಮ್ಮ ಕೆಲಸದ ವಿಷಯ ನೋಡೋಣ.

ನಿಮ್ಮ ಕ್ಷೇತ್ರ ಇಂಥದ್ದನ್ನು ಒಮ್ಮೆ ಕಂಡಿದೆ. 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್, ಅಂದರೆ ಕಂಪ್ಯೂಟರಿನಲ್ಲಿ ತಾನೇ ಲೆಕ್ಕ ಹಾಕುವ ಹಾಳೆ, ಬಂತು. ಅದಕ್ಕೂ ಮೊದಲು ಒಂದು ಅಂಕಿ ಬದಲಾದರೆ ಇಡೀ ಹಾಳೆಯ ಲೆಕ್ಕ ಮತ್ತೆ ಮಾಡಬೇಕಿತ್ತು. ಆಮೇಲಿನ ವರ್ಷಗಳಲ್ಲಿ ಅಮೆರಿಕದಲ್ಲಿ ಲೆಕ್ಕ ಬರೆಯುವ ಗುಮಾಸ್ತರು ಕಡಿಮೆಯಾದರು. ಆದರೆ ಅಕೌಂಟೆಂಟ್‌ಗಳು, ಹಣಕಾಸು ವಿಶ್ಲೇಷಕರು ಜಾಸ್ತಿಯಾದರು. ಲೆಕ್ಕ ಹಾಕುವುದು ಸುಲಭವಾದ ಕೂಡಲೇ ಮಾಲೀಕರು ‘ಬಡ್ಡಿ ಏರಿದರೆ ಏನಾಗುತ್ತೆ? ದರ ಇಳಿಸಿದರೆ?’ ಅಂತ ಹೊಸ ಹೊಸ ಪ್ರಶ್ನೆ ಕೇಳತೊಡಗಿದರು. ಅದಕ್ಕೆ ಉತ್ತರ ಕೊಡುವವರು ಬೇಕಾದರು.

ಬ್ಯಾಂಕ್ ಕ್ಯಾಷಿಯರ್‌ಗಳ ಕಥೆ ಇನ್ನೂ ಚೆನ್ನಾಗಿ ಅರ್ಥ ಮಾಡಿಸುತ್ತದೆ. ಲಂಡನ್ನಿನಲ್ಲಿ ಬಾರ್ಕ್ಲೇಸ್ ಬ್ಯಾಂಕು ಎಟಿಎಂ ಶುರು ಮಾಡಿದ್ದು 1967ರಲ್ಲಿ. ಇನ್ನು ಕ್ಯಾಷಿಯರ್ ಯಾಕೆ ಬೇಕು ಅನಿಸುತ್ತದೆ, ಅಲ್ವಾ? ಆದರೆ ಅಮೆರಿಕದಲ್ಲಿ ಎಟಿಎಂಗಳು ಎಲ್ಲೆಡೆ ಬಂದ ಮೇಲೂ ಅವರ ಸಂಖ್ಯೆ ಹಲವು ವರ್ಷ ಕುಸಿಯಲಿಲ್ಲ, ಸ್ವಲ್ಪ ಏರಿತು ಕೂಡ. ಒಂದು ಶಾಖೆಗೆ ಕಡಿಮೆ ಜನ ಸಾಕಾದಾಗ ಶಾಖೆ ನಡೆಸುವ ಖರ್ಚು ಇಳಿಯಿತು, ಬ್ಯಾಂಕುಗಳು ಹೆಚ್ಚು ಶಾಖೆ ತೆರೆದವು. ಕುಸಿತ ಬಂದದ್ದು ಮೊಬೈಲ್ ಬ್ಯಾಂಕಿಂಗ್ ಕಾಲದಲ್ಲಿ. ಎಟಿಎಂ ಕ್ಯಾಷಿಯರ್ ಮಾಡುತ್ತಿದ್ದ ಕೆಲಸದ ಒಂದು ಭಾಗವನ್ನು ತೆಗೆದುಕೊಂಡಿತ್ತು. ಮೊಬೈಲ್ ಬಂದ ಮೇಲೆ ಶಾಖೆಗೆ ಹೋಗುವ ಅಗತ್ಯವೇ ಕಡಿಮೆಯಾಯಿತು. ಟೆಲಿಫೋನ್ ಆಪರೇಟರ್‌ಗಳಿಗೂ ಹೀಗೇ ಆಯಿತು. ಜನ ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು ಕರೆ ಮಾಡಿದರು, ಆದರೆ ನಡುವೆ ಸಂಪರ್ಕ ಕೊಡುವವರು ಬೇಕಾಗಲಿಲ್ಲ.

ಹಾಗಾಗಿ ನೀವು ನೋಡಬೇಕಾದದ್ದು ಎರಡು. ಯಂತ್ರ ನಿಮ್ಮ ಕೆಲಸದ ಒಂದು ಭಾಗ ಮಾಡುತ್ತಿದೆಯಾ, ಇಡೀ ಕೆಲಸವನ್ನೇ ಮಾಡುತ್ತಿದೆಯಾ? ಆ ಭಾಗ ಅಗ್ಗವಾದರೆ ಉಳಿದ ಭಾಗ ಜನರಿಗೆ ಇನ್ನೂ ಜಾಸ್ತಿ ಬೇಕಾಗುತ್ತದಾ? ಒಂದು ವಾರ ನೀವು ಏನೇನು ಮಾಡುತ್ತೀರಿ, ಯಾವುದಕ್ಕೆ ಎಷ್ಟು ಹೊತ್ತು ಹೋಗುತ್ತದೆ ಅಂತ ಬರೆದಿಡಿ. ಹುದ್ದೆಯ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ.

ಇನ್ನು ಆ ಪಟ್ಟಿ. ದಯವಿಟ್ಟು ಅದನ್ನು ನೋಡಿ ಮಗಳ ಕೋರ್ಸ್ ತೀರ್ಮಾನಿಸಬೇಡಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋ 2023ರಿಂದ 2033ರವರೆಗಿನ ಅವಧಿಗೆ ಮಾಡಿದ ಅಂದಾಜಿನಲ್ಲಿ, ಗಾಳಿಯಿಂದ ವಿದ್ಯುತ್ ಮಾಡುವ ಯಂತ್ರಗಳ ತಂತ್ರಜ್ಞರಿಗೆ ಶೇ. 60ರಷ್ಟು ಬೆಳವಣಿಗೆ ಇತ್ತು. ಕೇಳಲು ದೊಡ್ಡದು. ಆದರೆ ಆ ಕೆಲಸದಲ್ಲಿದ್ದವರೇ ಸುಮಾರು 11 ಸಾವಿರ. ಹತ್ತು ವರ್ಷದಲ್ಲಿ ಸೇರುವ ಹೊಸ ಹುದ್ದೆ 7 ಸಾವಿರದಷ್ಟು. ಅದೇ ಅಂದಾಜಿನಲ್ಲಿ ಮನೆಗೆ ಬಂದು ಆರೈಕೆ ಮಾಡುವವರಿಗೆ 8 ಲಕ್ಷಕ್ಕೂ ಹೆಚ್ಚು ಹೊಸ ಹುದ್ದೆಗಳಿದ್ದವು. ಬೇಡಿಕೆ ಇದ್ದ ಮಾತ್ರಕ್ಕೆ ಸಂಬಳ ಚೆನ್ನಾಗಿರುತ್ತದೆ ಅಂತಲೂ ಇಲ್ಲ. ಆರೈಕೆಯಂಥ ಕಷ್ಟದ ಕೆಲಸಕ್ಕೆ ಇಷ್ಟು ಕಡಿಮೆ ಕೊಡುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಅದೇ ಅಂದಾಜಿನಲ್ಲಿ ಲೆಕ್ಕದ ಗುಮಾಸ್ತರ ಸಂಖ್ಯೆ ಇಳಿಯುತ್ತದೆ ಅಂತ ಇದೆ. ಹಾಗಿದ್ದರೂ ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜಾಗ ಖಾಲಿಯಾಗುತ್ತವೆ ಅಂತಲೂ ಇದೆ. ನಿವೃತ್ತರಾಗುವವರು, ಬೇರೆ ಕೆಲಸಕ್ಕೆ ಹೋಗುವವರು ಇದ್ದೇ ಇರುತ್ತಾರಲ್ಲ.

ಇನ್ನೊಬ್ಬರ ಪ್ರಶ್ನೆ: ಬೇಡಿಕೆ ಇದೆ ಅಂತ ಓದಿದವರಿಗೂ ಕೆಲಸ ಸಿಗುವುದಿಲ್ಲವಲ್ಲ, ಯಾಕೆ?

ಉತ್ತರ: ಓದು ಮುಗಿಯಲು ವರ್ಷಗಳು ಬೇಕು. ಎಲ್ಲರೂ ಇವತ್ತಿನ ಸಂಬಳ ನೋಡಿ ಸೇರುತ್ತಾರೆ, ನಾಲ್ಕು ವರ್ಷ ಬಿಟ್ಟು ಒಟ್ಟಿಗೇ ಹೊರಬರುತ್ತಾರೆ. ಆಗ ಸಂಬಳ ಇಳಿಯುತ್ತದೆ. ಅದನ್ನು ನೋಡಿ ಮುಂದಿನವರು ದೂರ ಸರಿಯುತ್ತಾರೆ, ಮತ್ತೆ ಕೊರತೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1970ರ ದಶಕದಲ್ಲಿ ಅಮೆರಿಕದ ಎಂಜಿನಿಯರ್‌ಗಳಲ್ಲಿ ಇದನ್ನೇ ಗುರುತಿಸಿದರು. ಅದಕ್ಕೇ ನಾನು ಉದ್ದದ ಕೋರ್ಸ್ ಆದರೆ ಹಲವು ಕೆಲಸಕ್ಕೆ ದಾರಿಯಾಗುವ ಮೂಲ ವಿಷಯ ಓದಿ ಅನ್ನುತ್ತೇನೆ. ಬೇಡಿಕೆಯ ಬೆನ್ನು ಹತ್ತುವುದಿದ್ದರೆ ಆರು ತಿಂಗಳ ತರಬೇತಿ ಸಾಕು.

ಮೊದಲು ಕೇಳಿದವರು: ಮೇಡಂ, ಬರೆದು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಎಂಟ್ರಿಯೇ. ತಪ್ಪು ಹುಡುಕುವುದು, ಬಾಕಿ ಇಟ್ಟವರ ಜೊತೆ ಮಾತಾಡುವುದು ಉಳಿದದ್ದು.

ಉತ್ತರ: ಆ ಉಳಿದದ್ದರಿಂದಲೇ ಶುರು ಮಾಡಿ. ಸಾಫ್ಟ್‌ವೇರ್ ಹಾಕಿದ ಎಂಟ್ರಿಯನ್ನು ಪರಿಶೀಲಿಸುವ ಹೊಣೆ ಯಾರದ್ದು ಅಂತ ಕಚೇರಿಯಲ್ಲಿ ಕೇಳಿ. ಯಾರಿಗೂ ಒಪ್ಪಿಸಿಲ್ಲದಿದ್ದರೆ ಈ ತಿಂಗಳೇ ನೀವು ಕೇಳಿ ವಹಿಸಿಕೊಳ್ಳಿ. ಮಗಳಿಗೆ ಯಾವ ವಿಷಯ ಓದಲು ಇಷ್ಟ ಅಂತ ಬರೆಯಿರಿ, ಅದನ್ನು ಬೇರೆಯಾಗಿ ಮಾತಾಡೋಣ.