ಲೆಕ್ಕ ಎಲ್ಲ ಸರಿ, ಆಫ್ ಇರುವ ಸ್ವಿಚ್ ಬಗ್ಗೆ ಕೇಳಿದರೆ ಎಲ್ಲರೂ ತಪ್ಪು: ದ್ವಿತೀಯ ಪಿಯು ಯೂನಿಟ್ ಟೆಸ್ಟ್‌ಗೆ ಸಲಹೆ ಬೇಕು

ಉಡುಪಿ_ಪಿಯು_ಫಿಸಿಕ್ಸ್:
ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ಒಂದು ಕಾಲೇಜಿನಲ್ಲಿ ದ್ವಿತೀಯ ಪಿಯು ಮಕ್ಕಳಿಗೆ ಫಿಸಿಕ್ಸ್ ಕಲಿಸುತ್ತೇನೆ. ಚಾರ್ಜ್ ಮತ್ತು ಫೀಲ್ಡ್, ಪೊಟೆನ್ಶಿಯಲ್ ಮತ್ತು ಕೆಪಾಸಿಟರ್, ಕರೆಂಟ್ ಎಲೆಕ್ಟ್ರಿಸಿಟಿ, ಈ ಮೂರು ಪಾಠ ಮುಗಿಸಿ ಯೂನಿಟ್ ಟೆಸ್ಟ್ ಕೊಟ್ಟೆ. ಐದು ಅಂಕದ ಲೆಕ್ಕಗಳಲ್ಲಿ ಹೆಚ್ಚಿನವರಿಗೆ ಪೂರ್ತಿ ಅಂಕ. ಗಾಸ್ ನಿಯಮದ ಡೆರಿವೇಶನ್ ಅಂತೂ ಪುಸ್ತಕದಲ್ಲಿ ಇದ್ದ ಹಾಗೇ ಬರೆದಿದ್ದಾರೆ. ಆದರೆ ಎರಡೆರಡು ಅಂಕದ ಮೂರು ಸಣ್ಣ ಪ್ರಶ್ನೆಗಳಲ್ಲಿ ಇಡೀ ಕ್ಲಾಸ್ ಮುಗ್ಗರಿಸಿದೆ. ಪ್ರಶ್ನೆಗಳು ಇವು:

1. 1.5 ವೋಲ್ಟ್ ಸೆಲ್, ಒಂದು ಬಲ್ಬ್, ಒಂದು ಸ್ವಿಚ್ ಸೀರೀಸ್‌ನಲ್ಲಿವೆ. ಸ್ವಿಚ್ ಆಫ್ ಇದೆ. ಸ್ವಿಚ್‌ನ ಎರಡು ತುದಿಗೆ ವೋಲ್ಟ್‌ಮೀಟರ್ ಹಿಡಿದರೆ ಎಷ್ಟು ತೋರಿಸುತ್ತದೆ? ಬಲ್ಬಿಗೆ ಹಿಡಿದರೆ ಎಷ್ಟು?

2. ಕೆಪಾಸಿಟರ್ ಚಾರ್ಜ್ ಮಾಡಿ, ಬ್ಯಾಟರಿ ತೆಗೆದು, ಆಮೇಲೆ ಪ್ಲೇಟುಗಳ ನಡುವೆ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯದ ಇನ್ಸುಲೇಟರ್ ವಸ್ತು) ತುಂಬಿದರೆ ಒಳಗಿನ ಶಕ್ತಿ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?

3. 60 ವ್ಯಾಟ್ ಮತ್ತು 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬುಗಳನ್ನು ಸೀರೀಸ್‌ನಲ್ಲಿ ಹಾಕಿ 230 ವೋಲ್ಟ್ ಕೊಟ್ಟರೆ ಯಾವುದು ಜಾಸ್ತಿ ಉರಿಯುತ್ತದೆ?

ಮೊದಲನೆಯದಕ್ಕೆ "ಕರೆಂಟ್ ಸೊನ್ನೆ, V = IR, ಆದ್ದರಿಂದ ಸ್ವಿಚ್‌ಗೂ ಸೊನ್ನೆ". ಎರಡನೆಯದಕ್ಕೆ "C (ಕೆಪಾಸಿಟೆನ್ಸ್) ಹೆಚ್ಚಾಯಿತು, U = ½CV², ಹಾಗಾಗಿ ಶಕ್ತಿಯೂ ಹೆಚ್ಚಾಯಿತು". ಮೂರನೆಯದಕ್ಕೆ ಕಾರಣವನ್ನೂ ಕೊಡದೆ 100 ಅಂತ ಬರೆದು ಮುಂದೆ ಹೋಗಿದ್ದಾರೆ. ಇವರೆಲ್ಲ ದಡ್ಡ ಮಕ್ಕಳಲ್ಲ. ಕಲಿಸುವುದನ್ನು ಬದಲಿಸಬೇಕಾ, ಪ್ರಶ್ನೆ ಕೇಳುವ ರೀತಿಯನ್ನಾ?

ಕುಂದಾಪುರ_ಕಡೆಯವ:
ಸರ್, ಇದು ಎಲ್ಲ ಕಡೆ ಉಂಟು. ಪಿಯು ರಿಸಲ್ಟ್ ಬಂದಾಗ ಉಡುಪಿ, ದಕ್ಷಿಣ ಕನ್ನಡ ಮೇಲೇ ಇರುತ್ತವೆ, ನಾವೂ ಖುಷಿ ಪಡುತ್ತೇವೆ. ಆದರೆ ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅದಕ್ಕೆ ತಯಾರಾಗುವ ಮಗು ಫಾರ್ಮುಲಾ ಹುಡುಕುತ್ತದೆ, ಸರ್ಕ್ಯೂಟ್ ನೋಡುತ್ತಾ ಕೂರುವುದಿಲ್ಲ. ಇದೇ ಥರದ ಪ್ರಶ್ನೆಗಳ ವರ್ಕ್‌ಶೀಟ್ ಜಾಸ್ತಿ ಮಾಡಿಸಿ, ಸರಿ ಹೋಗಬಹುದು.

ಹಳೆ_ಚಾಕ್‌ಪೀಸ್ (ಸುರತ್ಕಲ್, ನಿವೃತ್ತ):
ವರ್ಕ್‌ಶೀಟಿನಿಂದ ಇದು ಹೋಗುವುದಿಲ್ಲ ಮಾರಾಯ್ರೆ. ಹತ್ತು ಸಲ ಮಾಡಿಸಿದರೆ ಆ ಹತ್ತು ಪ್ರಶ್ನೆಗೆ ಉತ್ತರ ಬಾಯಿಪಾಠ ಆಗುತ್ತದೆ, ಅಷ್ಟೇ.

ಮೂರೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂರರಲ್ಲೂ ತಪ್ಪು ಒಂದೇ. ಫಾರ್ಮುಲಾ ಆರಿಸುವ ಮೊದಲು, ಇಲ್ಲಿ ಯಾವುದು ಬದಲಾಗದೆ ನಿಂತಿದೆ ಎಂದು ಯಾರೂ ಕೇಳಿಕೊಂಡಿಲ್ಲ.

ಮೊದಲನೆಯದು. V = IR ಬಲ್ಬಿಗೆ ಸರಿ. ಅಲ್ಲಿ I ಸೊನ್ನೆ, ಆದ್ದರಿಂದ ಬಲ್ಬಿನ ಎರಡು ತುದಿಯ ನಡುವೆ ವ್ಯತ್ಯಾಸ ಸೊನ್ನೆ. ಆಫ್ ಇರುವ ಸ್ವಿಚ್‌ನ ಕಥೆ ಬೇರೆ. ಅದರ ರೆಸಿಸ್ಟೆನ್ಸ್‌ಗೆ ಮಿತಿಯೇ ಇಲ್ಲ. ಸೊನ್ನೆಯನ್ನು ಅನಂತದಿಂದ ಗುಣಿಸಿ ಸೊನ್ನೆ ಎಂದು ಬರೆಯುವ ಹಾಗಿಲ್ಲ. ಹಾಗಾಗಿ ಫಾರ್ಮುಲಾ ಬಿಟ್ಟು ವೈರ್ ಹಿಡಿದು ನಡೆಯಲು ಹೇಳಿ. ಸೆಲ್‌ನ ಮೈನಸ್ ತುದಿ 0 ಅಂತ ಇಟ್ಟುಕೊಳ್ಳಿ. ಪ್ಲಸ್ ತುದಿ 1.5, ಇಲ್ಲಿ ಬದಲಾಗದೆ ನಿಂತದ್ದು ಇದೇ. ಅಲ್ಲಿಂದ ಬಲ್ಬಿನ ತನಕ 1.5. ಬಲ್ಬಿನಲ್ಲಿ ಕರೆಂಟ್ ಇಲ್ಲ, ಏನೂ ಇಳಿಯುವುದಿಲ್ಲ, ಹೊರಗೆ ಬಂದಾಗಲೂ 1.5. ಸ್ವಿಚ್‌ನ ಈಚೆ ತುದಿ 1.5, ಆಚೆ ತುದಿ ಮೈನಸ್‌ಗೆ ಸೇರಿದೆ, 0. ವೋಲ್ಟ್‌ಮೀಟರ್ 1.5 ತೋರಿಸಲೇಬೇಕು. ವೋಲ್ಟ್‌ಮೀಟರ್ ಇಟ್ಟರೆ ಸ್ವಲ್ಪ ಕರೆಂಟ್ ಹರಿಯುತ್ತದಲ್ಲ ಎಂದು ಯಾರಾದರೂ ಕೇಳಿದರೆ ಆ ಮಗುವಿಗೆ ಶಹಬ್ಬಾಸ್ ಹೇಳಿ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ 10 ಮೆಗಾಓಮ್. 0.15 ಮೈಕ್ರೋಆಂಪ್ ಹರಿಯುತ್ತದೆ. ಬಲ್ಬಿನಲ್ಲಿ ಅದರಿಂದ ಇಳಿಯುವುದು ಲೆಕ್ಕಕ್ಕಿಲ್ಲ.

ಎರಡನೆಯದಕ್ಕೆ ಸಂಖ್ಯೆ ಹಾಕಿ ತೋರಿಸಿ. 2 ಮೈಕ್ರೋಫ್ಯಾರಡ್, 100 ವೋಲ್ಟ್. ಚಾರ್ಜ್ 200 ಮೈಕ್ರೋಕೂಲಂಬ್, ಶಕ್ತಿ 0.01 ಜೂಲ್. ಬ್ಯಾಟರಿ ತೆಗೆದ ಮೇಲೆ ಈ ಚಾರ್ಜ್‌ಗೆ ಹೋಗಲು ದಾರಿಯಿಲ್ಲ, Q ಅಲ್ಲೇ ಉಳಿಯಿತು. K = 4 ಇರುವ, ಅಂದರೆ C ಅನ್ನು ನಾಲ್ಕು ಪಟ್ಟು ಮಾಡುವ ಡೈಎಲೆಕ್ಟ್ರಿಕ್ ಹಲಗೆ ತೂರಿಸಿದರೆ C 8 ಮೈಕ್ರೋಫ್ಯಾರಡ್, ವೋಲ್ಟ್ 25ಕ್ಕೆ ಇಳಿಯುತ್ತದೆ, ಶಕ್ತಿ 0.0025 ಜೂಲ್. ಬ್ಯಾಟರಿ ಹಾಗೇ ಬಿಟ್ಟಿದ್ದರೆ V ಉಳಿಯುತ್ತಿತ್ತು, ಶಕ್ತಿ 0.04 ಆಗುತ್ತಿತ್ತು. ಒಂದೇ ಹಲಗೆ, ಒಂದು ಕಡೆ ನಾಲ್ಕರಲ್ಲೊಂದು, ಇನ್ನೊಂದು ಕಡೆ ನಾಲ್ಕು ಪಟ್ಟು. ಮೊದಲ ಸಂದರ್ಭದಲ್ಲಿ ಉಳಿದ ಶಕ್ತಿ ಎಲ್ಲಿ ಹೋಯಿತು ಎಂದು ಕೇಳಿ ನೋಡಿ. ಪ್ಲೇಟುಗಳು ಹಲಗೆಯನ್ನು ತಾವೇ ಒಳಗೆ ಎಳೆದುಕೊಳ್ಳುತ್ತವೆ, ಆ ಎಳೆತಕ್ಕೆ ಖರ್ಚಾಯಿತು. ಇದನ್ನು ಹೇಳಿದವರಿಗೆ ನಾನಾದರೆ ಒಂದು ಅಂಕ ಜಾಸ್ತಿಯೇ ಕೊಡುತ್ತೇನೆ.

ಮೂರನೆಯದರಲ್ಲಿ ಎರಡೂ ಬಲ್ಬಿಗೆ ಒಂದೇ ಆಗಿ ಉಳಿದಿರುವುದು ಕರೆಂಟ್. ಸೀರೀಸ್ ಅಲ್ವಾ? ಹಾಗಾದರೆ ಪವರ್ I²R, R ಜಾಸ್ತಿ ಇದ್ದದ್ದೇ ಜಾಸ್ತಿ ಉರಿಯುತ್ತದೆ. R = V²/P ಹಾಕಿದರೆ 60 ವ್ಯಾಟ್ ಬಲ್ಬು 882 ಓಮ್, 100 ವ್ಯಾಟಿನದು 529. ಜಾಸ್ತಿ ಉರಿಯುವುದು 60.

ಈಗ ಪ್ರಶ್ನೆಪತ್ರಿಕೆಗೆ ಬರೋಣ. ಎರಡು ಅಂಕವನ್ನು ಒಡೆಯಿರಿ. "ಇಲ್ಲಿ ಬದಲಾಗದೆ ಉಳಿಯುವುದು ಯಾವುದು, ಯಾಕೆ?" ಎಂಬುದಕ್ಕೆ ಒಂದು. ಉತ್ತರಕ್ಕೆ ಒಂದು. ಸುಮ್ನೆ 60 ಅಂತ ಊಹಿಸಿದವನಿಗೆ ಅರ್ಧ ಮಾತ್ರ ಸಿಗಲಿ.

ಟೆಸ್ಟರ್_ಕಿಸೆಯಲ್ಲಿ:
ನಾನು ಮೇಷ್ಟ್ರಲ್ಲ, ವೈರಿಂಗ್ ಕೆಲಸದವನು. ನಿಮ್ಮ ಒಂದನೇ ಪ್ರಶ್ನೆ ನಮಗೆ ದಿನನಿತ್ಯದ್ದು. ಮನೆಯಲ್ಲಿ ಯಾವುದೂ ಉರಿಯುತ್ತಿಲ್ಲ ಅಂತ ಫೋನ್ ಬರುತ್ತದೆ. ಹೋಗಿ ಪ್ಲಗ್ ಪಾಯಿಂಟಿಗೆ ಟೆಸ್ಟರ್ ಇಟ್ಟರೆ ಫೇಸ್ ತೂತಿನಲ್ಲೂ ಬೆಳಕು, ನ್ಯೂಟ್ರಲ್ ತೂತಿನಲ್ಲೂ ಬೆಳಕು. ಮನೆಯವರು ಎರಡು ಫೇಸ್ ಬಂದಿದೆ ಅಂತ ಹೆದರಿರುತ್ತಾರೆ. ಎಂತದೂ ಇಲ್ಲ, ನ್ಯೂಟ್ರಲ್ ಎಲ್ಲೋ ಕಟ್ ಆಗಿರುತ್ತದೆ. ಮನೆಯಲ್ಲಿ ಆನ್ ಇರುವ ಫ್ಯಾನೋ ಫ್ರಿಜ್ಜೋ ದಾಟಿ ಫೇಸ್ ಈಚೆ ಬಂದು ನಿಂತಿರುತ್ತದೆ. ಕರೆಂಟ್ ಹರಿಯದಿದ್ದರೆ ಇಳಿಯುವುದೂ ಇಲ್ಲ. ಎಲ್ಲ ಸ್ವಿಚ್ ಆಫ್ ಮಾಡಿ, ಪ್ಲಗ್‌ಗಳನ್ನು ಕಿತ್ತರೆ ನ್ಯೂಟ್ರಲ್‌ನ ಬೆಳಕು ಹೋಗುತ್ತದೆ. ಹಳೆ ಸರ್ ಹೇಳಿದ್ದು ಇದನ್ನೇ ಅಲ್ವಾ?

ಮಕ್ಕಳ ಕೈಗೆ ಟೆಸ್ಟರ್ ಕೊಟ್ಟು ಇದನ್ನು ಮಾಡಿಸಬೇಡಿ. ಬರೆಯಲು ಕೊಡಿ, ಅಷ್ಟೇ.

ಹಳೆ_ಚಾಕ್‌ಪೀಸ್ (ಸುರತ್ಕಲ್, ನಿವೃತ್ತ):
ಅದೇ, ಅದೇ. ಇದನ್ನು ಹಾಗೇ ಪ್ರಶ್ನೆ ಮಾಡಿ ಹಾಕಿ ಸರ್. "ಎರಡೂ ತೂತಿನಲ್ಲಿ ಟೆಸ್ಟರ್ ಉರಿಯಿತು, ಯಾಕೆ?" ಇದಕ್ಕೆ ಯಾವ ಗೈಡಿನಲ್ಲೂ ರೆಡಿ ಉತ್ತರ ಹುಡುಕಲಾರರು.

ಮಂಗಳೂರು_ಲ್ಯಾಬ್:
ಮೂರನೇ ಪ್ರಶ್ನೆಯಲ್ಲಿ ಒಂದು ತೊಡಕು. ನಮ್ಮ ಲ್ಯಾಬಿನಲ್ಲಿ ಒಬ್ಬ ಹುಡುಗ 60 ವ್ಯಾಟ್ ಬಲ್ಬಿಗೆ ಮಲ್ಟಿಮೀಟರ್ ಹಿಡಿದ. 65 ಓಮ್ ಆಸುಪಾಸು ಬಂತು. "ಮೇಡಂ, 882 ಅಂದಿದ್ದಿರಲ್ಲ?" ಎಂದ. ಮೀಟರ್ ಹಾಳಾಗಿರಲಿಲ್ಲ. ಅದು ತಣ್ಣಗಿರುವ ಟಂಗ್‌ಸ್ಟನ್‌ನ ರೆಸಿಸ್ಟೆನ್ಸ್. ಉರಿಯುವಾಗ ಫಿಲಮೆಂಟ್ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಆಗ ರೆಸಿಸ್ಟೆನ್ಸ್ ಹತ್ತು ಪಟ್ಟಿಗಿಂತ ಜಾಸ್ತಿ. ಆದ್ದರಿಂದ ಪ್ರಶ್ನೆಯಲ್ಲಿ "ರೆಸಿಸ್ಟೆನ್ಸ್ ಬದಲಾಗುವುದಿಲ್ಲ ಎಂದುಕೊಳ್ಳಿ" ಎಂಬ ಸಾಲು ಹಾಕುವುದು ಒಳ್ಳೆಯದು.

ತೋರಿಸಬೇಕೆಂದಿದ್ದರೆ 230 ವೋಲ್ಟಿನ ತಂಟೆಗೆ ಹೋಗಬೇಡಿ. ಫಿಲಮೆಂಟ್ ಬಲ್ಬು ಈಗ ಅಂಗಡಿಯಲ್ಲಿ ಸಿಗುವುದೂ ಕಷ್ಟ, ಎಲ್‌ಇಡಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಬೈಕ್ ಗ್ಯಾರೇಜಿನಿಂದ 12 ವೋಲ್ಟಿನ 5 ವ್ಯಾಟ್ ಮತ್ತು 10 ವ್ಯಾಟ್ ಬಲ್ಬು ತನ್ನಿ. ಒಂದು 28.8 ಓಮ್, ಇನ್ನೊಂದು 14.4. ಸೀರೀಸ್‌ನಲ್ಲಿ ಹಾಕಿದರೆ 5 ವ್ಯಾಟಿನದು ಚೆನ್ನಾಗಿ ಕಾಣುತ್ತದೆ, 10ರದ್ದು ಮಂಕು. ಲೆಕ್ಕದಲ್ಲಿ ಎರಡು ಪಟ್ಟು ವ್ಯತ್ಯಾಸ. ನಿಜದಲ್ಲಿ ಅದಕ್ಕಿಂತ ಜಾಸ್ತಿ, ಯಾಕೆಂದರೆ ಕಡಿಮೆ ಉರಿಯುವ ಬಲ್ಬು ತಣ್ಣಗೇ ಉಳಿದು ಅದರ ರೆಸಿಸ್ಟೆನ್ಸ್ ಇನ್ನೂ ಕಡಿಮೆ ಇರುತ್ತದೆ.

ಉಡುಪಿ_ಪಿಯು_ಫಿಸಿಕ್ಸ್:
ಎಲ್ಲರಿಗೂ ಧನ್ಯವಾದ. ಬೈಕ್ ಬಲ್ಬಿನ ಉಪಾಯ ಇಷ್ಟವಾಯಿತು. ಇನ್ನೊಂದು ವಿಷಯ, ಇದಕ್ಕೇ ಸಂಬಂಧಪಟ್ಟದ್ದು. ಚಾರ್ಜ್ ಪಾಠಕ್ಕೆ ಒಂದು ಸಣ್ಣ ಪ್ರಾಕ್ಟಿಕಲ್ ಟೆಸ್ಟ್ ಇಡೋಣ ಅಂತ. ಎಲೆಕ್ಟ್ರೋಸ್ಕೋಪ್ (ಚಾರ್ಜ್ ಬಂದರೆ ಒಳಗಿನ ತೆಳು ಲೋಹದ ಎಲೆಗಳು ಅಗಲವಾಗುವ ಉಪಕರಣ) ಕೊಟ್ಟು, ಇಂಡಕ್ಷನ್‌ನಿಂದ, ಅಂದರೆ ಚಾರ್ಜ್ ಆದ ಕಡ್ಡಿಯನ್ನು ತಾಗಿಸದೆ, ಚಾರ್ಜ್ ಮಾಡಿ ಅಂತ ಹೇಳುವುದು. ಆದರೆ ಜುಲೈ ಮಳೆಯಲ್ಲಿ ಎಲೆಗಳು ಅಗಲ ಆದ ಹಾಗೆ ಮಾಡಿ ಕೂಡಲೇ ಮುಚ್ಚಿಕೊಳ್ಳುತ್ತವೆ. ಗಾಜಿನ ಕಡ್ಡಿ ಅಂತೂ ಉಜ್ಜಿದರೂ ಚಾರ್ಜೇ ಹಿಡಿಯುವುದಿಲ್ಲ.

ಮಂಗಳೂರು_ಲ್ಯಾಬ್:
ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಗೋಳು. ಒದ್ದೆ ಗಾಳಿಯೇ ಕಂಡಕ್ಟರ್ ಆಗುತ್ತದೆ ಎಂದು ಕೆಲವು ಕೀ ಉತ್ತರಗಳಲ್ಲಿ ಬರೆದಿರುತ್ತದೆ, ಅದನ್ನು ಒಪ್ಪಿ ಅಂಕ ಕೊಡಬೇಡಿ. ಚಾರ್ಜ್ ಸೋರುವುದು ಹೆಚ್ಚಾಗಿ ಗಾಳಿಯಲ್ಲಿ ಅಲ್ಲ, ಇನ್ಸುಲೇಟರ್‌ನ ಮೈಮೇಲೆ. ಗಾಜಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ, ನಮ್ಮಲ್ಲಿ ಅದರ ಜೊತೆ ಸಮುದ್ರದ ಉಪ್ಪು, ಮಕ್ಕಳ ಕೈಬೆವರು. ಉಪ್ಪುನೀರಿನ ಆ ಪದರದ ಮೇಲೆ ಚಾರ್ಜ್ ಇಳಿದು ಹೋಗುತ್ತದೆ. 1785ರಲ್ಲಿ ಚಾರ್ಜ್‌ಗಳ ನಡುವಿನ ಬಲದ ನಿಯಮ ಕೊಟ್ಟ ಕೂಲಂಬ್‌ಗೂ ಇದೇ ತೊಂದರೆ ಇತ್ತು, ಚಾರ್ಜ್ ಎಷ್ಟು ಬೇಗ ಸೋರುತ್ತದೆ ಎಂದು ಅವನು ಅಳೆದೂ ನೋಡಿದ್ದ.

ಗಾಜು ಬಿಡಿ, ಪಿವಿಸಿ ಪೈಪ್ ತೆಗೆದುಕೊಳ್ಳಿ. ಅದರ ಮೇಲೆ ನೀರು ಅಷ್ಟು ಸುಲಭವಾಗಿ ಹರಡುವುದಿಲ್ಲ. ಪೈಪನ್ನೂ ಎಲೆಕ್ಟ್ರೋಸ್ಕೋಪ್‌ನ ಇನ್ಸುಲೇಟರ್ ಬಿರಡೆಯನ್ನೂ ಡಿಸ್ಟಿಲ್ಡ್ ವಾಟರ್‌ನಲ್ಲಿ ಒರೆಸಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ. ಉಣ್ಣೆ ಬಟ್ಟೆಯನ್ನೂ ಒಣಗಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ. ಎಲೆಕ್ಟ್ರೋಸ್ಕೋಪ್ ಒಳಗೆ ಸಿಲಿಕಾ ಜೆಲ್ ಪುಡಿಕೆ ಇಟ್ಟರೆ ಒಂದು ಪೀರಿಯಡ್ ಸುಧಾರಿಸುತ್ತದೆ. ಅಷ್ಟು ತಾಪತ್ರಯ ಬೇಡ ಅಂದರೆ ಪ್ರಾಕ್ಟಿಕಲ್ ಅನ್ನು ಡಿಸೆಂಬರ್‌ಗೆ ತಳ್ಳಿ, ಜುಲೈನಲ್ಲಿ "ಯಾಕೆ ಮುಚ್ಚಿಕೊಂಡಿತು?" ಎಂಬುದನ್ನೇ ಪ್ರಶ್ನೆ ಮಾಡಿ.

ಉಡುಪಿ_ಪಿಯು_ಫಿಸಿಕ್ಸ್:
ಅಪ್‌ಡೇಟ್. ಮರುಟೆಸ್ಟ್ ಕೊಟ್ಟೆ. ಅಂಕ ಒಡೆದದ್ದು ನಿಜವಾಗಿ ಕೆಲಸ ಮಾಡಿದೆ. ಕೆಪಾಸಿಟರ್ ಪ್ರಶ್ನೆಯಲ್ಲಿ ಹೆಚ್ಚಿನವರು ಮೊದಲ ಸಾಲಿನಲ್ಲೇ "ಬ್ಯಾಟರಿ ಇಲ್ಲ, Q ಬದಲಾಗದು" ಎಂದು ಬರೆದಿದ್ದಾರೆ, ಅಲ್ಲಿಂದ ಮುಂದೆ ದಾರಿ ತಾನೇ ಸಿಕ್ಕಿದೆ. ಟೆಸ್ಟರ್ ಪ್ರಶ್ನೆಗೆ ಯಾವಾಗಲೂ ಕಡಿಮೆ ಅಂಕ ತೆಗೆಯುವ ಒಬ್ಬ ಹುಡುಗ ಎಲ್ಲರಿಗಿಂತ ಚೆನ್ನಾಗಿ ಬರೆದ. ಅಪ್ಪ ಎಲೆಕ್ಟ್ರಿಷಿಯನ್ ಅಂತೆ.

ಆದರೆ ಹೊಸ ತಪ್ಪು ಹುಟ್ಟಿಕೊಂಡಿದೆ. "ಆಫ್ ಇರುವ ಸ್ವಿಚ್ ಅಂದರೆ ಯಾವಾಗಲೂ ಬ್ಯಾಟರಿ ವೋಲ್ಟೇಜ್" ಎಂದು ಕೆಲವರು ಕಟ್ಟಿಕೊಂಡಿದ್ದಾರೆ. ಒಬ್ಬಳು ಕೇಳಿದಳು: ಸೀರೀಸ್‌ನಲ್ಲಿ ಎರಡು ಸ್ವಿಚ್, ಎರಡೂ ಆಫ್. ಒಂದಕ್ಕೆ ವೋಲ್ಟ್‌ಮೀಟರ್ ಹಿಡಿದರೆ 1.5 ಬರುತ್ತದಾ, 0.75 ಬರುತ್ತದಾ?

ಹಳೆ_ಚಾಕ್‌ಪೀಸ್ (ಸುರತ್ಕಲ್, ನಿವೃತ್ತ):
ಎರಡೂ ಅಲ್ಲ, ಸೊನ್ನೆ. ಎರಡು ಸ್ವಿಚ್‌ಗಳ ನಡುವಿನ ತುಂಡು ವೈರ್ ಯಾವುದಕ್ಕೂ ಸೇರಿಲ್ಲ. ಅದಕ್ಕೆ ಅದರದ್ದೇ ಆದ ಪೊಟೆನ್ಶಿಯಲ್ ಅನ್ನು ಯಾರೂ ನಿಗದಿ ಮಾಡಿಲ್ಲ. ವೋಲ್ಟ್‌ಮೀಟರಿನ ಒಂದು ಕಾಲು ಪ್ಲಸ್ ಕಡೆ, ಇನ್ನೊಂದು ಆ ತುಂಡಿಗೆ ಇಟ್ಟ ಕೂಡಲೇ ಮೀಟರ್ ಮೂಲಕ ಆ ತುಂಡೂ ಪ್ಲಸ್‌ನ ಮಟ್ಟಕ್ಕೆ ಬರುತ್ತದೆ. ಮುಂದೆ ಹರಿಯಲು ದಾರಿಯಿಲ್ಲ, ಮೀಟರ್ ಸೊನ್ನೆ. ನಿಮ್ಮ ಲ್ಯಾಬಿನಲ್ಲಿ ಮಳೆಗಾಲದಲ್ಲಿ ಅಳೆದರೆ ಏನಾದರೂ ಸಣ್ಣ ಸಂಖ್ಯೆ ಬಂದೀತು. ತೇವ ಹಿಡಿದ ಇನ್ನೊಂದು ಸ್ವಿಚ್‌ನ ಮೈಮೇಲೆ ಸೋರಿಕೆ, ಎಲೆಕ್ಟ್ರೋಸ್ಕೋಪಿನಲ್ಲಿ ಆದದ್ದೇ. ಈ ಪ್ರಶ್ನೆಯನ್ನು ಎರಡು ಅಂಕಕ್ಕೆ ಹಾಕಬೇಡಿ. ಕ್ಲಾಸಿನಲ್ಲಿ ಜಗಳವಾಡಲು ಬಿಡಿ.

ಟೆಸ್ಟರ್_ಕಿಸೆಯಲ್ಲಿ:
ನಮ್ಮಲ್ಲಿ ಎರಡೂ ಕಡೆ ಬಿಟ್ಟ ವೈರಿನಲ್ಲಿ ಡಿಜಿಟಲ್ ಮೀಟರ್ ಕೆಲವೊಮ್ಮೆ 50, 60 ವೋಲ್ಟ್ ಅನ್ನುತ್ತದೆ. ಪಕ್ಕದ ಫೇಸ್ ವೈರ್ ಮತ್ತು ಇದು ಸೇರಿ ಕೆಪಾಸಿಟರ್ ಆಗಿರುತ್ತದೆ. ಹೋಲ್ಡರಿನಲ್ಲಿ ಒಂದು ಹಳೇ ಬಲ್ಬ್ ಹಾಕಿ ಅಡ್ಡ ಹಿಡಿದರೆ ಸತ್ಯ ಹೊರಗೆ ಬರುತ್ತದೆ. ಬಲ್ಬ್ ಉರಿಯುವುದಿಲ್ಲ, ಮೀಟರೂ ಸೊನ್ನೆಗೆ ಬೀಳುತ್ತದೆ.

ಉಡುಪಿ_ಪಿಯು_ಫಿಸಿಕ್ಸ್:
ಇದು ಪ್ರಿಪರೇಟರಿಗೆ ಆಯಿತು. ಕೆಪಾಸಿಟರ್ ಪಾಠದ ಅಡಿಯಲ್ಲಿ ಹಾಕುತ್ತೇನೆ.